ಪಡುವಣ ಕಿಟಕಿಯ ಪಾಡು

ಮೇ ತಿಂಗಳ ಕೊನೆಯ ವಾರ. ಮಾಟುಂಗಾ ಇರಲಿ, ಮುಲುಂಡ್ ಇರಲಿ, ಮುಂಬೈಯ ಯಾವ ಹಳೆಯ ಕಟ್ಟಡದ ಮುಂದೆ ನಿಂತು ತಲೆಯೆತ್ತಿದರೂ ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ಮೂರನೇ ಮಹಡಿಯ ಸಜ್ಜಾದ ಮೇಲೆ ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಸೊಂಟದ ಹಗ್ಗದ ಇನ್ನೊಂದು ತುದಿ ಕಿಟಕಿಯ ಸರಳಿಗೆ ಬಿಗಿದಿರುತ್ತದೆ. ಕೆಳಗಿನಿಂದ ನೀಲಿ ತಾಡಪತ್ರಿಯ ಸುರುಳಿ ತೂಗಾಡುತ್ತ ಮೇಲೇರುತ್ತದೆ. ಒಳಗಿನಿಂದ ಮನೆಯೊಡತಿ ತುಳಸಿ ಕುಂಡವನ್ನು ಮುಚ್ಚಿಬಿಡಬೇಡ ಎಂದು ಕೂಗುತ್ತಾಳೆ. ಎರಡು ಗಂಟೆಯಲ್ಲಿ ಕಿಟಕಿ ಮಾಯ. ಇನ್ನು ಅದು ಕಣ್ಣುಬಿಡುವುದು ಸೆಪ್ಟೆಂಬರ್ ಕಳೆದ ಮೇಲೆ.

ಕುಂದಾಪುರ, ಕುಮಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಿಗೆ ಈ ಗಡಿಬಿಡಿ ಹೊಸದಲ್ಲ. ಊರಲ್ಲೂ ಮಳೆ ಹಿಡಿಯುವ ಮೊದಲು ಜಗಲಿಯ ಪಡುಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಆದರೆ ತಟ್ಟಿ ಎರಚಲನ್ನು ತಡೆದು ಗಾಳಿಯನ್ನು ಸೋಸಿ ಒಳಗೆ ಬಿಡುತ್ತಿತ್ತು. ತಾಡಪತ್ರಿ ಎರಡಕ್ಕೂ ಬಾಗಿಲು ಹಾಕುತ್ತದೆ. ಹೊಸ ಮನೆ ಕೊಳ್ಳುವಾಗ, ಇಲ್ಲವೇ ಹಳೆಯ ಮನೆಯ ಕಿಟಕಿ ಬದಲಿಸುವಾಗ ಮುಂಬೈಯವರು ಎದುರಿಸುವ ಸಮಸ್ಯೆಯೆಲ್ಲ ಈ ವ್ಯತ್ಯಾಸದಲ್ಲೇ ಇದೆ. 'ಪ್ರಕೃತಿಯ ಮಡಿಲಲ್ಲಿ ಮನೆ' ಎಂಬ ಜಾಹೀರಾತು ತೋರಿಸುವುದು ನೆಲದಿಂದ ಸೂರಿನವರೆಗೆ ಹರಡಿದ ಗಾಜನ್ನು. ಈ ಊರಿನ ಹವೆ ಬೇಡುವುದು ಗಾಜಿಗೂ ಹೊರಗಿನ ಆಕಾಶಕ್ಕೂ ನಡುವೆ ಇರಬೇಕಾದ ಇನ್ನೊಂದು ಪದರವನ್ನು.

ಮೂರೂ ಒಂದೇ ದಿಕ್ಕಿನಿಂದ

ಮುಂಬೈ ಉದ್ದುದ್ದ ಚಾಚಿದ ಊರು, ಸಮುದ್ರ ಪಶ್ಚಿಮಕ್ಕೆ. ಹಗಲು ನೆಲ ಕಾದಂತೆ ಕಡಲ ಗಾಳಿ ಪಶ್ಚಿಮ, ವಾಯವ್ಯಗಳಿಂದ ಬೀಸುತ್ತದೆ. ಏಪ್ರಿಲ್‌ನ ಸೆಕೆಯಲ್ಲಿ ಮೈಯ ಬೆವರು ಆರಿಸುವುದು ಅದೇ. ಗಾಳಿಯ ತೇವ ಇಲ್ಲಿ ಎಷ್ಟೆಂದರೆ, ಉಷ್ಣಾಂಶ 33 ಡಿಗ್ರಿ ಇದ್ದರೂ ಬೆವರು ಆವಿಯಾಗದೆ ಮೈಗೇ ಅಂಟುತ್ತದೆ. ಹಾಗಾಗಿ ಈ ಊರಲ್ಲಿ ತಂಪು ಎಂದರೆ ಚಲಿಸುವ ಗಾಳಿ. ಗೋಡೆ ದಪ್ಪಗೆ ಕಟ್ಟಿ ಕಿಟಕಿ ಕಿರಿದಾಗಿಸುವ ಕಲಬುರಗಿ, ವಿಜಯಪುರದ ಜಾಣತನ ಇಲ್ಲಿ ನಡೆಯುವುದಿಲ್ಲ.

ಜೂನ್ ಎರಡನೇ ವಾರ ಬಂತೆಂದರೆ ಅದೇ ದಿಕ್ಕಿನಿಂದ ಮಳೆ. ಸಾಂತಾಕ್ರೂಜ್‌ನ ಹವಾಮಾನ ಕೇಂದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಡಿಕೆಯಂತೆ ಸುಮಾರು 2,300 ಮಿ.ಮೀ. ಮಳೆ ಬೀಳುತ್ತದೆ. 2005ರ ಜುಲೈ 26ರಂದು ಅಲ್ಲಿ ಒಂದೇ ದಿನದಲ್ಲಿ 944 ಮಿ.ಮೀ. ದಾಖಲಾಗಿತ್ತು. ಈ ಮಳೆ ನೆಟ್ಟಗೆ ಬೀಳುವುದು ಅಪರೂಪ, ನೈಋತ್ಯದ ಗಾಳಿ ಅದನ್ನು ಓರೆಯಾಗಿ ತಂದು ಗೋಡೆಗೆ ಬಡಿಯುತ್ತದೆ. ಮೂವತ್ತನೇ ಮಹಡಿಯಲ್ಲಿ ಅದು ಕೆಳಗಿನಿಂದ ಮೇಲಕ್ಕೂ ಹಾರುವುದುಂಟು.

ಮೂರನೆಯದು ಬಿಸಿಲು. ಮಧ್ಯಾಹ್ನ ಮೂರರ ಮೇಲೆ ಸೂರ್ಯ ಕೆಳಗಿಳಿದು ಪಶ್ಚಿಮದ ಕಿಟಕಿಯೊಳಗೆ ನೇರ ಇಣುಕುತ್ತಾನೆ. ದಕ್ಷಿಣದ ಕಿಟಕಿಗಾದರೆ ಒಂದು ಸಜ್ಜಾ ಸಾಕು, ನೆತ್ತಿಯ ಬಿಸಿಲಿಗೆ ಅದು ಕೊಡೆ ಹಿಡಿಯುತ್ತದೆ. ಪಶ್ಚಿಮದ ಬಿಸಿಲು ಅಡ್ಡಡ್ಡ ಬರುವುದರಿಂದ ಸಜ್ಜಾ ಎಷ್ಟು ಚಾಚಿದರೂ ಅದರಡಿಯಿಂದ ನುಸುಳುತ್ತದೆ. ಮುಂಬೈ 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂದು ಅಳೆದು ಹೇಳುವ ದಲ್ಲಾಳಿಯನ್ನು ಅಷ್ಟಾಗಿ ನಂಬಬೇಕಿಲ್ಲ.

ಸುಖ, ಕಷ್ಟ ಎರಡೂ ಒಂದೇ ದಿಕ್ಕಿನಿಂದ ಬರುವ ಊರಲ್ಲಿ ಕಿಟಕಿ ಎಲ್ಲಿ ಇಡಬೇಕು?

ಪೆಡ್ಡರ್ ರಸ್ತೆಯ ಉತ್ತರ

ಈ ಪ್ರಶ್ನೆಗೆ ನಗರದಲ್ಲೇ ಅತ್ಯಂತ ಹೆಸರಾದ ಉತ್ತರ ದಕ್ಷಿಣ ಮುಂಬೈಯ ಪೆಡ್ಡರ್ ರಸ್ತೆಯ ಬಳಿ ನಿಂತಿದೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ರೂಪಿಸಿದ ಕಾಂಚನಜಂಗಾ ಅಪಾರ್ಟ್‌ಮೆಂಟ್ಸ್ 1983ರಲ್ಲಿ ಮುಗಿಯಿತು. 28 ಮಹಡಿ, ಬರೇ 32 ಮನೆ. ಸಿಕಂದರಾಬಾದಿನಲ್ಲಿ ಹುಟ್ಟಿ ಮುಂಬೈಯಲ್ಲಿ ನೆಲೆಯೂರಿದ ಕೊರಿಯಾ ಬೆಂಗಳೂರಿನವರಿಗೆ ಅಪರಿಚಿತರೇನಲ್ಲ. ಅಲ್ಲಿನ ವಿಶ್ವೇಶ್ವರಯ್ಯ ಕೇಂದ್ರದ ಕಟ್ಟಡ ಅವರದೇ, ಕೋರಮಂಗಲದಲ್ಲಿ ತಮಗಾಗಿ ಅಂಗಳದ ಮನೆಯೊಂದನ್ನೂ ಕಟ್ಟಿಸಿಕೊಂಡಿದ್ದರು.

ಕೊರಿಯಾ ಕಂಡ ತೊಡಕು ಸರಳವಾದದ್ದು. ಕಡಲ ನೋಟ, ನಗರದ ನೋಟ, ಗಾಳಿ ಎಲ್ಲವೂ ಪೂರ್ವ-ಪಶ್ಚಿಮಗಳಲ್ಲಿವೆ. ಉರಿ ಬಿಸಿಲು, ಎರಚಲು ಮಳೆಯೂ ಅಲ್ಲಿಂದಲೇ. ಹಳೆಯ ಬಂಗಲೆಗಳಲ್ಲಿ ಇದಕ್ಕೆ ಉಪಾಯವಿತ್ತು. ವಾಸದ ಕೋಣೆಗಳನ್ನು ಒಳಗಿಟ್ಟು ಸುತ್ತ ವೆರಾಂಡದ ಪಟ್ಟಿ ಬಿಟ್ಟರೆ ಮಳೆ, ಬಿಸಿಲು ವೆರಾಂಡಕ್ಕೆ ತಾಗಿ ಅಲ್ಲೇ ನಿಲ್ಲುತ್ತವೆ, ಗಾಳಿಯೊಂದು ಒಳಗೆ ಬರುತ್ತದೆ. ಕೊರಿಯಾ ಅದನ್ನೇ ಆಕಾಶಕ್ಕೆ ಏರಿಸಿದರು. ಕಟ್ಟಡದ ಮೂಲೆಗಳಲ್ಲಿ ಎರಡು ಮಹಡಿ ಎತ್ತರದ ತೆರೆದ ತೋಟ-ತಾರಸಿಗಳನ್ನು ಕೊರೆದು, ಕೋಣೆಗಳ ಕಿಟಕಿ-ಬಾಗಿಲುಗಳನ್ನು ಅವುಗಳ ಹಿಂದೆ ಅಡಗಿಸಿದರು. ದೂರದಿಂದ ನೋಡಿದರೆ ಬಿಳಿ ಗೋಪುರಕ್ಕೆ ಅಲ್ಲಲ್ಲಿ ದೊಡ್ಡ ಗೂಡುಗಳು. ಹತ್ತಿರದಿಂದ ನೋಡಿದರೆ ಊರಿನ ಜಗಲಿ, ಹೂಕುಂಡ ಸಹಿತ.

ಇದು ಸಿರಿವಂತರ ಕಟ್ಟಡ, ನಿಜ. 32 ಕುಟುಂಬಗಳಿಗೆ ಇಷ್ಟು ಜಾಗ ಕೊಡುವುದು ಆ ರಸ್ತೆಯಲ್ಲಿ ಮಾತ್ರ ಸಾಧ್ಯ. ಆದರೆ ಇಲ್ಲಿನ ಕಿಟಕಿ ಹೊರಗೋಡೆಗೆ ಅಂಟಿಲ್ಲ, ಒಂದು ಹೆಜ್ಜೆ ಹಿಂದೆ ಸರಿದಿದೆ. ಅಷ್ಟನ್ನು ಎರಡು ಕೋಣೆಯ ಮನೆಯೂ ಅನುಸರಿಸಬಹುದು.

ಪ್ಲೇಗು ತೆರೆಸಿದ ಕಿಟಕಿಗಳು

ಕೊರಿಯಾಗಿಂತ ಬಹಳ ಮೊದಲೇ ಈ ನಗರ ಕಿಟಕಿಯ ಬಗ್ಗೆ ತಲೆ ಕೆಡಿಸಿಕೊಂಡಿತ್ತು. ಕಾರಣ ಸೌಂದರ್ಯವಲ್ಲ, ಸಾವು. 1896ರಲ್ಲಿ ಮಾಂಡ್ವಿಯಲ್ಲಿ ಕಾಣಿಸಿಕೊಂಡ ಪ್ಲೇಗು ಗಾಳಿ-ಬೆಳಕಿಲ್ಲದ ಚಾಳುಗಳಲ್ಲಿ ಹಬ್ಬಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿಕೊಂಡಿತು. ಅದರ ಅಧ್ಯಕ್ಷರಾಗಿದ್ದ ಜೆ.ಪಿ. ಓರ್ ಕಟ್ಟಡಗಳ ನಡುವಿನ ಜಾಗಕ್ಕೆ ಒಂದು ಅಳತೆ ಕಟ್ಟಿದರು: 63.5 ಡಿಗ್ರಿ. ನೆಲಮಹಡಿಯ ಕೋಣೆಯಿಂದ ಎದುರು ಕಟ್ಟಡದ ತುದಿಗೆ ಗೆರೆ ಎಳೆದರೆ ಅದರ ಕೋನ ಇದಕ್ಕಿಂತ ಕಡಿದಾಗಬಾರದು. ಸರಳವಾಗಿ ಹೇಳಿದರೆ, ಎದುರಿನ ಕಟ್ಟಡದ ಎತ್ತರ ನಡುವಿನ ಖಾಲಿ ಜಾಗದ ಎರಡರಷ್ಟು ಮೀರಬಾರದು. ಕಿಟಕಿ ಎಷ್ಟು ದೊಡ್ಡದೆಂಬುದಕ್ಕಿಂತ ಅದರ ಮುಂದೆ ಎಷ್ಟು ಬಯಲಿದೆ ಎಂಬುದು ಮುಖ್ಯ ಎಂದು ನೂರು ವರ್ಷಕ್ಕೂ ಹಿಂದೆಯೇ ಲೆಕ್ಕ ಹಾಕಿದ್ದರು.

ಟ್ರಸ್ಟ್ ರೂಪಿಸಿದ ದಾದರ್-ಮಾಟುಂಗಾ ಬಡಾವಣೆಗಳು ಈ ಚಿಂತನೆಯ ಕೂಸು. ಅಗಲ ರಸ್ತೆ, ಸಾಲುಮರ, ಎರಡು ಮೂರು ಮಹಡಿಯ ಬಿಡಿ ಬಿಡಿ ಕಟ್ಟಡಗಳು, ರಸ್ತೆಗೆ ಮುಖ ಮಾಡಿದ ಬಾಲ್ಕನಿ. ದಕ್ಷಿಣ ಭಾರತದಿಂದ ಗುಮಾಸ್ತೆಗಿರಿಗೆ, ಹೋಟೆಲಿಗೆ, ಓದಿಗೆ ಬಂದವರು ಇಲ್ಲಿ ಬೇರುಬಿಟ್ಟರು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಂದಿಗೂ ಮಾಟುಂಗಾದಲ್ಲೇ ಇದೆ. ಚಾಳಿಗೂ ಬಂಗಲೆಗೂ ನಡುವಣ 'ಫ್ಲ್ಯಾಟ್' ಎಂಬ ಹೊಸ ಬಗೆಯ ಮನೆ ಈ ಭಾಗದಲ್ಲಿ ಹೇಗೆ ರೂಢಿಗೆ ಬಂತೆಂಬುದನ್ನು ಇತಿಹಾಸಕಾರ ನಿಖಿಲ್ ರಾವ್ 2013ರಲ್ಲಿ ಒಂದು ಇಡೀ ಪುಸ್ತಕದಲ್ಲಿ ಬರೆದಿದ್ದಾರೆ. 'ಹೌಸ್, ಬಟ್ ನೋ ಗಾರ್ಡನ್' ಎಂದು ಅದರ ಹೆಸರು. ತೋಟವಿಲ್ಲದ ಆ ಮನೆಗೆ ಬಾಲ್ಕನಿಯೇ ಅಂಗಳವಾಯಿತು. ಹಪ್ಪಳ ಒಣಗಿದ್ದು ಅಲ್ಲಿ, ಮಗುವಿಗೆ ಕಾಗೆ ತೋರಿಸಿ ತುತ್ತು ತಿನ್ನಿಸಿದ್ದೂ ಅಲ್ಲಿಯೇ.

1930ರ ದಶಕದ ಆರ್ಟ್ ಡೆಕೊ ಕಟ್ಟಡಗಳು ಇದಕ್ಕೆ ಇನ್ನೊಂದು ಅಲಂಕಾರ ಸೇರಿಸಿದವು. ಮರೀನ್ ಡ್ರೈವ್‌ನಲ್ಲೋ ಓವಲ್ ಮೈದಾನದ ಅಂಚಿನಲ್ಲೋ ನಡೆದರೆ ಕಿಟಕಿಗಳ ಮೇಲೆ ಹುಬ್ಬಿನಂತೆ ಬಾಗಿ ಕಟ್ಟಡದ ಮೂಲೆ ಸುತ್ತುವ ಕಾಂಕ್ರೀಟ್ ಸಜ್ಜಾಗಳು ಕಾಣುತ್ತವೆ. ವಿಕ್ಟೋರಿಯನ್ ಗೋಥಿಕ್ ಕಟ್ಟಡಗಳ ಜೊತೆ ಇವೂ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಪ್ರವಾಸಿಗರು ಫೋಟೊ ಹಿಡಿಯುವ ಆ ಹುಬ್ಬುಗಳು ಹುಟ್ಟಾ ಕೆಲಸಗಾರರು. ಅವುಗಳ ಕೆಳಗಿನ ಕಿಟಕಿಯನ್ನು ಸಣ್ಣ ಮಳೆಯಲ್ಲಿ ಮುಚ್ಚಬೇಕಾಗಿಲ್ಲ.

ಬಾಲ್ಕನಿಯನ್ನು ನುಂಗಿದವರು ಯಾರು

ಹಾಗಿದ್ದರೆ ಗಾಜಿನ ಹೊರಗಿನ ಈ ಪದರ ಎಲ್ಲಿಗೆ ಹೋಯಿತು? ಮುಂಬೈಯಲ್ಲಿ ಬಹುಪಾಲು ಪ್ರಶ್ನೆಗಳಿಗಿರುವ ಉತ್ತರವೇ ಇದಕ್ಕೂ: ಎಫ್‌ಎಸ್‌ಐ. ನಿವೇಶನದ ಅಳತೆಗೆ ತಕ್ಕಂತೆ ಎಷ್ಟು ಚದರಡಿ ಕಟ್ಟಬಹುದೆಂದು ಹೇಳುವ ಈ ಲೆಕ್ಕದಲ್ಲಿ ಬಾಲ್ಕನಿಗೆ ಬಹುಕಾಲ ಮಿತಿಯೊಳಗೆ ವಿನಾಯಿತಿ ಇತ್ತು, ಹೂತೊಟ್ಟಿಗೂ ಇತ್ತು. ಮೇಲಾಗಿ ಶುಲ್ಕ ಕಟ್ಟಿದರೆ ಬಾಲ್ಕನಿಯನ್ನು ಮುಚ್ಚಿ ಕೋಣೆಗೆ ಸೇರಿಸಿಕೊಳ್ಳಬಹುದಿತ್ತು. ಅಂಗೈಯಗಲ ಜಾಗಕ್ಕೆ ಲಕ್ಷಗಟ್ಟಲೆ ತೆರುವ ಊರಲ್ಲಿ ಆಮೇಲೆ ಆಗಿದ್ದು ಊಹಿಸಬಹುದಾದದ್ದೇ. ಬಾಲ್ಕನಿಗಳಿಗೆ ಅಲ್ಯೂಮಿನಿಯಂ ಕಿಟಕಿ ಬಿದ್ದು ಅವು ಮಕ್ಕಳ ಓದುಕೋಣೆಯಾದವು. ಹೂತೊಟ್ಟಿಗಳು ಹೂವಿನ ಮುಖ ಕಾಣುವ ಮೊದಲೇ ಕಪಾಟುಗಳಾದವು.

2012ರ ಜನವರಿಯಲ್ಲಿ ನಿಯಮ ಬದಲಾಯಿತು. ಬಾಲ್ಕನಿ, ಹೂತೊಟ್ಟಿಗಳೆಲ್ಲ ಎಫ್‌ಎಸ್‌ಐ ಲೆಕ್ಕಕ್ಕೆ ಬಂದವು. ಅದಕ್ಕೆ ಬದಲಾಗಿ ವಾಸದ ಕಟ್ಟಡಗಳಿಗೆ ಶುಲ್ಕ ತೆತ್ತು ಶೇ. 35ರಷ್ಟು ಹೆಚ್ಚುವರಿ ಕಟ್ಟುವ ಅವಕಾಶ ಸಿಕ್ಕಿತು. ವಂಚನೆ ತಡೆಯುವ ಉದ್ದೇಶ ಸರಿಯೇ. ಆದರೆ ಕೋಣೆಗೂ ಬಾಲ್ಕನಿಗೂ ಒಂದೇ ಬೆಲೆಯಾದಾಗ ಬಾಲ್ಕನಿಯನ್ನು ಬೇಡುವವರು ಯಾರು? ಬಹಳಷ್ಟು ಹೊಸ ಗೋಪುರಗಳ ಮುಖ ಮಟ್ಟಸವಾಗಿ, ಕಿಟಕಿಗಳು ಗೋಡೆಯ ಅಂಚಿಗೇ ಬಂದು ನಿಂತವು. ಬಿಸಿಲು-ಮಳೆ ತಡೆಯುವ ಹೊಣೆಯೆಲ್ಲ ಆರು ಮಿಲಿಮೀಟರ್ ಗಾಜಿನ ಮೇಲೆ ಬಿತ್ತು. ಉಳಿದದ್ದನ್ನು ಏಸಿ ನೋಡಿಕೊಳ್ಳುತ್ತದೆ.

ಏಸಿ ಕೊಳ್ಳಲಾಗದವರ ಗತಿಯೇ ಬೇರೆ. ಗೋವಂಡಿಯ ನಟವರ್ ಪಾರೇಖ್ ಕಾಂಪೌಂಡ್, ಮಾನ್‌ಖುರ್ದ್‌ನ ಲಲ್ಲೂಭಾಯಿ ಕಾಂಪೌಂಡ್‌ಗಳು ಪುನರ್ವಸತಿಗೆಂದು ಕಟ್ಟಿದವು. ಕಟ್ಟಡಗಳ ನಡುವೆ ಕೆಲವು ಕಡೆ ಇರುವುದು ಮೂರೇ ಮೀಟರ್. ಕೆಳಗಿನ ಮಹಡಿಗಳಲ್ಲಿ ನಡುಹಗಲೂ ದೀಪ ಬೇಕು. ಕಿಟಕಿ ತೆರೆದರೆ ಎದುರಿನವರ ಕಸ ಒಳಗೆ ಬರುತ್ತದೆಂದು ಅದನ್ನು ಮುಚ್ಚಿಯೇ ಇಡುತ್ತಾರೆ. ಡಾಕ್ಟರ್ಸ್ ಫಾರ್ ಯು ಸಂಸ್ಥೆ ಐಐಟಿ ಬಾಂಬೆಯ ತಜ್ಞರೊಡನೆ ಇಲ್ಲಿ ನಡೆಸಿದ ಅಧ್ಯಯನ ಗಾಳಿ-ಬೆಳಕಿನ ಕೊರತೆಗೂ ಕ್ಷಯರೋಗಕ್ಕೂ ನಂಟು ಗುರುತಿಸಿತು. ಓರ್ ಅವರ 63.5 ಡಿಗ್ರಿಯನ್ನು ಇಲ್ಲಿ ಯಾರೂ ಎಳೆದು ನೋಡಿರಲಿಲ್ಲ.

ಜಾರುವ ಕದ, ತೆರೆಯುವ ಕದ

ಇನ್ನು ಅಂಗಡಿಗೆ ಹೋಗೋಣ. ಕಿಟಕಿ ಆಯ್ಕೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ದೊಡ್ಡದು ಎಂಬುದಲ್ಲ, ಎಷ್ಟು ತೆರೆಯುತ್ತದೆ ಎಂಬುದು. ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆ ಮುಂಬೈಯಂಥ ಬಿಸಿ-ತೇವದ ಊರುಗಳಿಗೆ ಹೇಳುವ ಪ್ರಮಾಣ, ನೆಲದ ವಿಸ್ತೀರ್ಣದ ಶೇ. 16.66. ಅಂದರೆ ಆರನೇ ಒಂದು ಭಾಗ. ಒಣ ಬಿಸಿಲಿನ ಊರುಗಳಿಗೆ ಶೇ. 10 ಸಾಕು. ಬಾಲ್ಕನಿಗೆ ತೆರೆಯುವ ಬಾಗಿಲೂ ಈ ಲೆಕ್ಕಕ್ಕೆ ಸೇರುತ್ತದೆ.

ಉಪನಗರದ ಒಂದು ಮಾಮೂಲಿ ಮಲಗುವ ಕೋಣೆ ತೆಗೆದುಕೊಳ್ಳಿ, 10 ಅಡಿಗೆ 12 ಅಡಿ. ತೆರೆಯುವ ಜಾಗ 20 ಚದರಡಿ ಬೇಕು. ಬಿಲ್ಡರ್ ಕೊಡುವುದು 5 ಅಡಿಗೆ 4 ಅಡಿಯ ಎರಡು ಗಾಜಿನ ಸ್ಲೈಡಿಂಗ್ ಕಿಟಕಿ. ಕಾಗದದ ಮೇಲೆ ಸರಿಯಾಗಿ 20 ಚದರಡಿ. ಆದರೆ ಒಂದು ಗಾಜು ಇನ್ನೊಂದರ ಹಿಂದೆ ಸರಿಯುವುದರಿಂದ ತೆರೆಯುವುದು ಅರ್ಧವೇ, 10 ಚದರಡಿ. ಅದರ ಮೇಲೆ ಸೊಳ್ಳೆಪರದೆ ಎಳೆದರೆ ಗಾಳಿ ಇನ್ನೂ ಇಳಿಯುತ್ತದೆ. ಅದೇ ಅಳತೆಯ, ಕೀಲಿನ ಮೇಲೆ ತಿರುಗಿ ತೆರೆಯುವ ಕದದ ಕಿಟಕಿಯಾದರೆ ಶೇ. 90ರಷ್ಟು ತೆರೆಯುತ್ತದೆಂದು ಸಂಹಿತೆ ಲೆಕ್ಕ ಹಿಡಿಯುತ್ತದೆ.

ಹಾಗಿದ್ದೂ ನಗರದ ತುಂಬ ಸ್ಲೈಡಿಂಗ್ ಕಿಟಕಿಗಳೇ ಏಕೆ? ಅಗ್ಗ. ಪರದೆಗೂ ಗ್ರಿಲ್‌ಗೂ ತೊಡಕಿಲ್ಲ. ಎತ್ತರದ ಗಾಳಿಗೆ ಹೊರಗೆ ತೆರೆದ ಕದ ಬಡಿದುಕೊಳ್ಳುವ ಭಯವಿಲ್ಲ. ಈ ಭಯ ಸುಮ್ಮನಲ್ಲ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಅಲೀಬಾಗ್ ಬಳಿ ದಡ ಹತ್ತಿತು, ಮರುವರ್ಷ ಮೇ 17ರಂದು ತೌಕ್ತೆ ಮುಂಬೈ ಪಕ್ಕದಲ್ಲೇ ಹಾದುಹೋಯಿತು. ಹತ್ತನೇ ಮಹಡಿಗಿಂತ ಮೇಲಿನವರಿಗೆ ಒಳಗೆ ತೆರೆಯುವ, ಮೇಲಂಚನ್ನು ಮಾತ್ರ ಒಳಕ್ಕೆ ವಾಲಿಸಲೂ ಬರುವ 'ಟಿಲ್ಟ್ ಆಂಡ್ ಟರ್ನ್' ಕದಗಳು ಒಗ್ಗುತ್ತವೆ. ಒರೆಸುವುದೂ ಒಳಗಿನಿಂದಲೇ ಆಗುತ್ತದೆ. ಬೆಲೆ ಮಾತ್ರ ಕಹಿ.

ಮಳೆಗಾಲಕ್ಕೆ ನಿಜವಾಗಿ ಒದಗುವುದು ಇನ್ನೊಂದು ಬಗೆ: ಮೇಲಂಚಿಗೆ ಕೀಲು ಇದ್ದು ಕೆಳಗಿನ ಅಂಚು ಹೊರಕ್ಕೆ ಏಳುವ ಕದ. ತೆರೆದಾಗ ಅದೇ ಒಂದು ಪುಟ್ಟ ಸಜ್ಜಾ ಆಗುತ್ತದೆ. ದೊಡ್ಡ ಸ್ಲೈಡಿಂಗ್ ಕಿಟಕಿಯ ಮೇಲ್ಭಾಗದಲ್ಲಿ ಇಂಥ ಒಂದೂವರೆ ಅಡಿಯ ಪಟ್ಟಿ ಇಟ್ಟುಕೊಂಡರೆ ಜುಲೈಯಲ್ಲೂ ಮನೆ ಉಸಿರಾಡುತ್ತದೆ. ಸೂರಿನಡಿ ಸೇರುವ ಬಿಸಿಗಾಳಿ ಹೊರಹೋಗುವುದೂ ಆ ದಾರಿಯಲ್ಲೇ. ಹಿಂದಿನವರು ಬಾಗಿಲು-ಕಿಟಕಿಗಳ ತಲೆಯ ಮೇಲೆ ಗವಾಕ್ಷಿ ಬಿಡುತ್ತಿದ್ದುದು ಇದಕ್ಕೇ. ಸೂರು ತಗ್ಗಿಸಿ ಫಾಲ್ಸ್ ಸೀಲಿಂಗ್ ಹಾಕಿಸುವ ಭರದಲ್ಲಿ ಅವನ್ನು ಮುಚ್ಚಿಬಿಟ್ಟಿದ್ದೇವೆ.

ಸ್ಲೈಡಿಂಗ್ ಕಿಟಕಿಯೇ ಅನಿವಾರ್ಯವಾದರೆ ಕೆಳಗಿನ ಟ್ರ್ಯಾಕ್ ನೋಡಬೇಕು. ಅದರಲ್ಲಿ ನೀರು ಹೊರಹರಿಯುವ ಸಣ್ಣ ರಂಧ್ರಗಳಿರುತ್ತವೆ. ಒಳಬದಿಯ ಅಂಚು ಹೊರಬದಿಗಿಂತ ಎತ್ತರವಿರಬೇಕು, ಕಿಟಕಿ ಕೂರುವ ಕಲ್ಲು ಹೊರಕ್ಕೆ ಇಳಿಜಾರಾಗಿರಬೇಕು. ಮಳೆಗಾಲದಲ್ಲಿ ಹಾಸಿಗೆ ಒದ್ದೆಯಾದ ಬಹಳಷ್ಟು ಮನೆಗಳಲ್ಲಿ ತಪ್ಪು ಕಿಟಕಿಯದ್ದಲ್ಲ. ಟೈಲ್ಸ್ ಕೆಲಸದ ಸಿಮೆಂಟು ಆ ರಂಧ್ರಗಳಲ್ಲಿ ಗಟ್ಟಿಯಾಗಿರುತ್ತದೆ, ಅಷ್ಟೆ.

ಗಾಜಿನ ಲೆಕ್ಕ

'ಡಬಲ್ ಗ್ಲಾಸ್ ಹಾಕಿಸಿ, ಮನೆ ತಂಪು' ಎನ್ನುವ ಮಾತು ಅರ್ಧ ಸತ್ಯ. ಎರಡು ಗಾಜಿನ ನಡುವಿನ ಗಾಳಿಪದರ ಹೊರಗಿನ ಬಿಸಿ ಒಳಗೆ ಹರಿಯುವುದನ್ನು ತಡೆಯುತ್ತದೆ. ಮುಂಬೈಯಲ್ಲಿ ಒಳಗೂ ಹೊರಗೂ ಉಷ್ಣಾಂಶದ ಅಂತರವೇ ಹೆಚ್ಚಿಲ್ಲ. ಇಲ್ಲಿ ಮನೆ ಕಾಯುವುದು ಮುಖ್ಯವಾಗಿ ಗಾಜನ್ನು ಹಾದು ಬರುವ ನೇರ ಬಿಸಿಲಿನಿಂದ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಅಂಕಿ ಎಸ್‌ಎಚ್‌ಜಿಸಿ. ಬಿದ್ದ ಬಿಸಿಲ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆಂದು ಅದು ಹೇಳುತ್ತದೆ. ಸಾಮಾನ್ಯ ಗಾಜಿಗೆ 0.8ರ ಆಸುಪಾಸು, ಬಿಸಿಲು ತಡೆಯುವ ಲೇಪನವಿದ್ದರೆ 0.3ಕ್ಕೂ ಇಳಿಯುತ್ತದೆ. ಇಳಿಸುತ್ತ ಹೋದರೆ ಬೆಳಕೂ ಕಡಿಮೆಯಾಗಿ ಹಗಲೇ ದೀಪ ಹಚ್ಚಬೇಕಾದೀತು. ಅದಕ್ಕೆ ಬೆಳಕಿನ ಅಂಕಿಯನ್ನೂ ಜೊತೆಗೆ ಕೇಳಬೇಕು.

ಒಳಗಿನ ಪರದೆ ತಡವಾಗಿ ಬಂದ ಪೊಲೀಸಿನ ಹಾಗೆ. ಶಾಖ ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಅದೇ ಬಿದಿರಿನ ಚಿಕ್ಕನ್ನು ಗಾಜಿನ ಹೊರಗೆ ಇಳಿಬಿಟ್ಟರೆ ಲೇಪನದ ಗಾಜಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಹೊರಗೆ ಏನಾದರೂ ಕಟ್ಟಬೇಕೆಂದರೆ ಸೊಸೈಟಿಯ ಅನುಮತಿ ಬೇಕು, ಅಲ್ಲೇ ಬಹುತೇಕರ ಉತ್ಸಾಹ ತಣ್ಣಗಾಗುತ್ತದೆ.

ರೈಲು ಹಳಿ, ಹೆದ್ದಾರಿಗಳ ಪಕ್ಕದವರಿಗೆ ಲ್ಯಾಮಿನೇಟೆಡ್ ಗಾಜು ವಾಸಿ. ಎರಡು ಗಾಜಿನ ನಡುವೆ ಅಂಟುಪದರವಿರುವ ಇದು ಸದ್ದನ್ನು ಹೀರುತ್ತದೆ, ಒಡೆದರೂ ಚೂರು ಉದುರದೆ ಅಂಟಿಕೊಂಡಿರುತ್ತದೆ. ಟಫನ್ಡ್ ಗಾಜು ಗಟ್ಟಿಯೇನೋ ಹೌದು, ಒಡೆದರೆ ಹರಳು ಹರಳಾಗಿ ಕೆಳಗೆ ಸುರಿಯುತ್ತದೆ. ಕೆಳಗೆ ಮಕ್ಕಳು ಆಡುವ ಅಂಗಳವಿದ್ದರೆ ಇದನ್ನು ಯೋಚಿಸಲೇಬೇಕು.

ಉಪ್ಪುಗಾಳಿ ಮತ್ತು ಸಾಗುವಾನಿ

ವರ್ಲಿ, ಬಾಂದ್ರಾ, ವರ್ಸೋವಾ ಕಡೆ ಕಬ್ಬಿಣದ ಗ್ರಿಲ್ ಕೆಲವೇ ವರ್ಷಗಳಲ್ಲಿ ಪದರ ಪದರವಾಗಿ ಉದುರುತ್ತದೆ. ಉಪ್ಪುಗಾಳಿ ಯಾರನ್ನೂ ಬಿಡದು. ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸಾಮಾನ್ಯವಾಗಿ ಸಿಗುವ 304 ದರ್ಜೆಗೆ ಕಡಲಂಚಿನಲ್ಲಿ ಕಂದು ಕಲೆ ಹತ್ತುತ್ತದೆ. ಮಾಲಿಬ್ಡಿನಂ ಬೆರೆತ 316 ತಾಳಿಕೊಳ್ಳುತ್ತದೆ. ಕಿಟಕಿಯ ಚೌಕಟ್ಟು ಎಷ್ಟೇ ದುಬಾರಿಯಾದರೂ ಮೊದಲು ಸಾಯುವುದು ಸ್ಕ್ರೂ, ಕೀಲು, ಗಾಲಿಗಳು. ಬಿಲ್ಲಿನಲ್ಲಿ ಅವುಗಳ ದರ್ಜೆ ಬರೆಸಿಕೊಳ್ಳುವುದು ಜಾಣತನ. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ತುಕ್ಕಿನ ಚಿಂತೆಯಿಲ್ಲ, ಆದರೆ ಅದರ ಹೊಟ್ಟೆಯೊಳಗೆ ಬಲಕ್ಕೆಂದು ಉಕ್ಕಿನ ಪಟ್ಟಿ ಇರುತ್ತದೆ. ಅದನ್ನು ಉಳಿಸಿದ್ದಾರೋ ನುಂಗಿದ್ದಾರೋ ನೋಡಿ ಹಾಕಿಸಬೇಕು.

ಮರ ಬೇಕೆನ್ನುವವರಿಗೆ ಜೋಗೇಶ್ವರಿಯ ಓಶಿವಾರಾ ಪೇಟೆ ಇದೆ. ಕೆಡವಿದ ಹಳೆಯ ಕಟ್ಟಡಗಳ ಬಾಗಿಲು, ಕಿಟಕಿ, ಲೂವರ್ ಕದಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಎಷ್ಟೋ ಬರ್ಮಾ ಸಾಗುವಾನಿ. ದಶಕಗಳ ಮಳೆ ಕಂಡು ಬಾಗದ ಮರ ಇನ್ನು ಬಾಗುವುದಿಲ್ಲ ಎಂಬ ಭರವಸೆಯಿಂದ ಒಳಾಂಗಣ ವಿನ್ಯಾಸಕಾರರು ಹುಡುಕಿ ಒಯ್ಯುತ್ತಾರೆ. ಆ ಲೂವರ್ ಕದಗಳದ್ದೇ ಒಂದು ಮಾತು. ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳು ಬಿಸಿಲು, ಎರಚಲು, ಇಣುಕುಕಣ್ಣು ಮೂರನ್ನೂ ತಡೆದು ಗಾಳಿಯನ್ನು ಮಾತ್ರ ಬಿಡುತ್ತವೆ. ಮಡಲಿನ ತಟ್ಟಿಯ ಪೇಟೆ ಅವತಾರ.

ವಾಸ್ತುಶಿಲ್ಪಿ ಬಿಜೋಯ್ ಜೈನ್ ಅವರ ಸಂಸ್ಥೆ ಸ್ಟುಡಿಯೊ ಮುಂಬೈ ಅಲೀಬಾಗ್ ಸಮೀಪದ ನಾಂದಗಾಂವ್‌ನ ತೆಂಗಿನ ತೋಟದಲ್ಲಿ 2007ರಲ್ಲಿ ಮುಗಿಸಿದ ಪಾಮೈರಾ ಹೌಸ್‌ ಇದನ್ನೇ ಇಡೀ ಮನೆಗೆ ಹೊದಿಸಿದೆ. ತಾಳೆಮರದ ಕಾಂಡದಿಂದ ಸೀಳಿದ ಪಟ್ಟಿಗಳೇ ಅಲ್ಲಿ ಗೋಡೆ. ಮಧ್ಯಾಹ್ನ ಒಳಗೆ ಕೂತರೆ ಕಡಲ ಗಾಳಿ ಬರುತ್ತದೆ, ಬಿಸಿಲು ಗೆರೆ ಗೆರೆಯಾಗಿ ಸೋಸಿ ಬೀಳುತ್ತದೆ. ನಗರದ ಫ್ಲ್ಯಾಟಿನಲ್ಲಿ ಇದೆಲ್ಲ ಆಗದು. ಪಶ್ಚಿಮದ ಒಂದೇ ಒಂದು ಕಿಟಕಿಗೆ ಅಲ್ಯೂಮಿನಿಯಂ ಲೂವರ್ ಕೂರಿಸಬಹುದು.

ಗಾಳಿ ಹೊರಡುವ ಬಾಗಿಲು

ಒಳಬಂದ ಗಾಳಿಗೆ ಹೊರಹೋಗಲು ದಾರಿ ಬೇಕು. ಒಂದೇ ಗೋಡೆಯಲ್ಲಿ ಕಿಟಕಿಯಿರುವ ಮನೆಗೆ ಸಮುದ್ರವೇ ಎದುರಿಗಿದ್ದರೂ ಗಾಳಿ ಬಾಗಿಲ ತನಕ ಬಂದ ನೆಂಟರಂತೆ ಒಳಗೆ ಕಾಲಿಡುವುದಿಲ್ಲ. ಮುಂಬೈ ಇದಕ್ಕೆ ತನ್ನದೇ ಪರಿಹಾರ ಕಂಡುಕೊಂಡಿದೆ: ಸೇಫ್ಟಿ ಡೋರ್. ಮುಖ್ಯ ಬಾಗಿಲಿನ ಹೊರಗೆ ಜಾಲರಿಯ ಇನ್ನೊಂದು ಬಾಗಿಲು. ಕಳ್ಳರಿಗೆಂದು ಹುಟ್ಟಿದ್ದು ಗಾಳಿಗೆ ಒದಗಿತು. ಸಂಜೆ ಮರದ ಬಾಗಿಲನ್ನು ಅಗಲ ತೆರೆದು ಸೇಫ್ಟಿ ಡೋರ್ ಮಾತ್ರ ಹಾಕಿಕೊಂಡರೆ ಪಡುಗಾಳಿ ಹಾಲ್ ಹಾದು ಕಾರಿಡಾರಿಗೆ ಹೊರಡುತ್ತದೆ. ಅದರ ಜೊತೆಗೆ ಪಕ್ಕದ ಮನೆಯ ಬಂಗಡೆ ಸಾರಿನ ಘಮವೂ, ಧಾರಾವಾಹಿಯ ಜಗಳವೂ ಬರುತ್ತವೆ. ಚಾಳಿನ ಗ್ಯಾಲರಿಯಲ್ಲಿ ಹಗಲಿಡೀ ತೆರೆದಿರುತ್ತಿದ್ದ ಬಾಗಿಲಿನ ನೆನಪು ಹೀಗೊಂದು ಉಳಿದುಕೊಂಡಿದೆ.

ಇದಕ್ಕೆ ಹೊಂದುವ ಜಾಲರಿ ಆರಿಸಬೇಕು. ಈಗಿನ ಫ್ಯಾಷನ್ನಿನ, ಅಂಗೈಯಷ್ಟೇ ಜಾಗ ಬಿಟ್ಟು ಉಳಿದದ್ದೆಲ್ಲ ಕೆತ್ತನೆಯ ಹಲಗೆಯಾಗಿರುವ ಸೇಫ್ಟಿ ಡೋರ್‌ಗಳು ಗಾಳಿಗೆ ನಿಷ್ಪ್ರಯೋಜಕ. ಬಾಗಿಲಿನ ಬುಡಕ್ಕೆ ಒಂದು ಸ್ಟಾಪರ್ ಬೇಕೇ ಬೇಕು, ಇಲ್ಲದಿದ್ದರೆ ಎತ್ತರದ ಮಹಡಿಯಲ್ಲಿ ಕಿಟಕಿ ತೆರೆದ ಕ್ಷಣ ಬಾಗಿಲು ಢಮಾರೆಂದು ಹಾಕಿಕೊಳ್ಳುತ್ತದೆ. ಕಾರಿಡಾರಿನಲ್ಲಿ ಹೊಗೆ ಕಂಡರೆ ಮಾತ್ರ ಮೊದಲು ಮುಚ್ಚಬೇಕಾದದ್ದು ಆ ಮರದ ಬಾಗಿಲೇ.

ಕರೆಯದೆ ಬರುವವರು

ಪ್ರಕೃತಿಯನ್ನು ಮನೆಗೆ ಕರೆದರೆ ಅದು ತನ್ನ ಬಳಗವನ್ನೂ ಕರೆತರುತ್ತದೆ. ಮುಂಬೈಯಲ್ಲಿ ಆ ಬಳಗದ ಹಿರಿಯ ಪಾರಿವಾಳ. 2025ರಲ್ಲಿ ಮಹಾನಗರ ಪಾಲಿಕೆ ಪಾರಿವಾಳಗಳಿಗೆ ಕಾಳು ಹಾಕುವ ದಾದರ್‌ನ ಕಬೂತರ್‌ಖಾನಾ ಮುಚ್ಚಿದಾಗ ಎದ್ದ ಗದ್ದಲ ಎಲ್ಲರಿಗೂ ನೆನಪಿರುತ್ತದೆ. ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೇಡು. ಹಾಗಾಗಿ ಊರಿನ ಬಾಲ್ಕನಿಗಳೆಲ್ಲ ಈಗ ನೈಲಾನ್ ಬಲೆಯ ಹಿಂದೆ ಇವೆ. ಬಲೆ ಗಾಳಿಯನ್ನು ಹೆಚ್ಚು ತಡೆಯುವುದಿಲ್ಲ, ಅದು ಒಪ್ಪಬಹುದಾದ ರಾಜಿ.

ಬೋರಿವಲಿ, ಮುಲುಂಡ್, ಠಾಣೆಗಳಲ್ಲಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಮುಖ ಮಾಡಿದ ಮನೆಗಳಿಗೆ ಬೆಲೆ ಹೆಚ್ಚು. ಅಲ್ಲಿ ಮಂಗಗಳು ಸ್ಲೈಡಿಂಗ್ ಕಿಟಕಿಯನ್ನು ಸರಿಸುವುದನ್ನು ಚೆನ್ನಾಗಿ ಕಲಿತಿವೆ. ಕಾಡು ಕಾಣಲೆಂದು ಹಾಕಿದ ದೊಡ್ಡ ಗಾಜಿನಲ್ಲಿ ಕಾಡಿನ ಪ್ರತಿಬಿಂಬ ಬಿದ್ದು ಹಕ್ಕಿಗಳು ಮೋಸಹೋಗುವುದೂ ಉಂಟು. ಮಳೆಗಾಲದ ಮೊದಲಿಗೆ ವಲಸೆ ಬರುವ ನವರಂಗ ಹಕ್ಕಿ ನಗರದ ಕಟ್ಟಡಗಳಿಗೆ ಬಡಿದು ಬಿದ್ದು ಪಕ್ಷಿಪ್ರಿಯರ ಆರೈಕೆಗೆ ಸೇರುವುದು ಹೆಚ್ಚುಕಡಿಮೆ ವರ್ಷವರ್ಷದ ಸುದ್ದಿ. ಗಾಜಿನ ಹೊರಮೈಗೆ ಹತ್ತಿರ ಹತ್ತಿರ ಚುಕ್ಕಿ ಅಂಟಿಸಿದರೆ ಅಥವಾ ಹೊರಗೆ ಪರದೆ, ಬಲೆ ಇದ್ದರೆ ಈ ಅಪಘಾತ ತಪ್ಪುತ್ತದೆ.

ಧೂಳಿನದ್ದು ಬೇರೆಯೇ ಕಥೆ. ಚಳಿಗಾಲದಲ್ಲಿ ಗಾಳಿ ಮಂದವಾಗಿ, ಎಲ್ಲೆಡೆ ಕಟ್ಟಡ ಕೆಡವುವ-ಕಟ್ಟುವ ಕೆಲಸ ನಡೆದಾಗ ಕಿಟಕಿ ತೆರೆಯಬೇಕೋ ಬೇಡವೋ ಎಂಬುದೇ ದಿನದ ಪ್ರಶ್ನೆ. 2023ರ ಅಕ್ಟೋಬರ್‌ನಲ್ಲಿ ಪಾಲಿಕೆ ಎತ್ತರದ ಕಟ್ಟಡಗಳ ಕೆಲಸದ ಸುತ್ತ 35 ಅಡಿಯ ತಗಡಿನ ಮರೆ ಕಡ್ಡಾಯ ಮಾಡಿತು. ನಲವತ್ತನೇ ಮಹಡಿಯ ಧೂಳಿಗೆ 35 ಅಡಿ ಯಾವ ಲೆಕ್ಕ? ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಕೂರುವ ಕದಗಳು, ಅಂದರೆ ಜಾರುವವಲ್ಲ, ಕೀಲಿನಲ್ಲಿ ತಿರುಗುವವು, ಈ ತಿಂಗಳುಗಳಲ್ಲಿ ತಮ್ಮ ಬೆಲೆ ತೀರಿಸುತ್ತವೆ.

ಕೊನೆಗೆ ಬಾಕ್ಸ್ ಗ್ರಿಲ್. ಕಿಟಕಿಯಿಂದ ಒಂದೂವರೆ ಅಡಿ ಹೊರಚಾಚಿದ ಈ ಪಂಜರ ಮುಂಬೈಯ ನಿಜವಾದ ತೋಟ. ದಾಸವಾಳ, ಕರಿಬೇವು, ಅಲೋವೆರಾ, ಹಳೆ ಬಕೆಟ್ಟು. ಅಗ್ನಿಶಾಮಕದವರಿಗೆ ಮಾತ್ರ ಇದು ತಲೆನೋವು, ಏಕೆಂದರೆ ಬೆಂಕಿ ಬಿದ್ದಾಗ ಒಳಗಿನವರು ಹೊರಬರಲಾರರು. ಗ್ರಿಲ್ ಬೇಕೇ ಬೇಕು ಎನ್ನುವವರು, ಮಕ್ಕಳಿರುವ ಮನೆಗೆ ಅದು ಬೇಕು ಕೂಡ, ಅದರಲ್ಲಿ ಒಳಗಿನಿಂದ ತೆರೆಯುವ ಒಂದು ಕದ ಇಡಿಸಿ ಅದರ ಕೀಲಿಯನ್ನು ಎಲ್ಲರಿಗೂ ಗೊತ್ತಿರುವ ಮೊಳೆಗೆ ನೇತುಹಾಕಬೇಕು.

ಸಹಿ ಹಾಕುವ ಮೊದಲು

ಮಾಟುಂಗಾ, ಚೆಂಬೂರು, ಗೋರೆಗಾಂವ್‌ಗಳಲ್ಲಿ ಹಳೆಯ ಸೊಸೈಟಿಗಳು ಒಂದೊಂದಾಗಿ ಪುನರಾಭಿವೃದ್ಧಿಗೆ ಹೋಗುತ್ತಿವೆ. ಸಭೆಗಳಲ್ಲಿ ಚರ್ಚೆಯೆಲ್ಲ ಕಾರ್ಪೆಟ್ ಏರಿಯಾ, ಪಾರ್ಕಿಂಗ್, ಬಾಡಿಗೆ ಹಣದ ಸುತ್ತ. ಕಿಟಕಿಯ ಮಾತು ಸೌಕರ್ಯಗಳ ಪಟ್ಟಿಯಲ್ಲಿ ಒಂದು ಸಾಲು: 'ಅಲ್ಯೂಮಿನಿಯಂ ಸ್ಲೈಡಿಂಗ್ ವಿಂಡೋಸ್'. ಆ ಸಾಲನ್ನು ಉದ್ದ ಮಾಡಿಸುವ ಅವಕಾಶ ಇರುವುದು ಆಗ ಮಾತ್ರ. ಎಷ್ಟು ಚದರಡಿ ತೆರೆಯುತ್ತದೆ, ಗಾಜಿನ ಎಸ್‌ಎಚ್‌ಜಿಸಿ ಎಷ್ಟು, ಕಿಟಕಿಯ ಮೇಲೆ ಸಜ್ಜಾ ಎಷ್ಟು ಚಾಚಿದೆ, ಎದುರಿನ ವಿಂಗ್ ಎಷ್ಟು ದೂರ, ಬಾಲ್ಕನಿ ಉಳಿದಿದೆಯೇ. ಐದೇ ಪ್ರಶ್ನೆ, ಯಾವ ವಾಸ್ತುಶಿಲ್ಪಿಯೂ ಐದು ನಿಮಿಷದಲ್ಲಿ ಉತ್ತರಿಸಬಲ್ಲ.

ಮಾದರಿ ಕಿಟಕಿಯೊಂದನ್ನು ಗೋಡೆಗೆ ಕೂರಿಸಿ ಹೊರಗಿನಿಂದ ಪೈಪಿನಲ್ಲಿ ಕಾಲು ಗಂಟೆ ನೀರು ಹಾಯಿಸಿ ತೋರಿಸಿ ಎಂದು ಸೊಸೈಟಿ ಕೇಳುವುದರಲ್ಲಿ ತಪ್ಪೇನಿಲ್ಲ. ಅದಾದ ಮೇಲೂ ಸೋರಿದರೆ, ಬಿಲ್ಡರ್‌ನಿಂದ ಹೊಸ ಮನೆ ಕೊಂಡವರಿಗೆ ರೇರಾ ಕಾಯ್ದೆ ಇದೆ. ಮನೆ ಕೈಗೆ ಬಂದ ಐದು ವರ್ಷಗಳೊಳಗೆ ಕಾಮಗಾರಿಯ ದೋಷ ತೋರಿಸಿಕೊಟ್ಟರೆ ಬಿಲ್ಡರ್ ಅದನ್ನು 30 ದಿನಗಳಲ್ಲಿ, ಖರ್ಚು ಕೇಳದೆ ಸರಿಪಡಿಸಬೇಕು. ಕೀಲಿ ಸಿಕ್ಕಿದ್ದು ದೀಪಾವಳಿಗಾದರೆ ಕಿಟಕಿಯ ಪರೀಕ್ಷೆ ಜೂನ್‌ಗೆ. ಅಷ್ಟರಲ್ಲಿ ಏಳೆಂಟು ತಿಂಗಳು ಕಳೆದಿರುತ್ತವೆ, ಉಳಿದದ್ದು ನಾಲ್ಕೂಚಿಲ್ಲರೆ ವರ್ಷ. ಮೊದಲ ಮಳೆಯಲ್ಲೇ ಒದ್ದೆ ಗೋಡೆಯ ಫೋಟೊ ತೆಗೆದು, ದಿನಾಂಕ ಹಾಕಿ, ಬರಹದಲ್ಲಿ ದೂರು ಕೊಟ್ಟಿಟ್ಟುಕೊಳ್ಳುವುದು ಒಳ್ಳೆಯದು.